ಡೇಟ್ ಸಿಕ್ಕಿತು, ನಿದ್ದೆ ಹೋಯಿತು

ಓದುಗರ ಪ್ರಶ್ನೆ, ಅರಿವಳಿಕೆ ವೈದ್ಯೆಯ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಬಹುಪಾಲು ಕೋವಿಡ್ ಕಾಲದ ಆಪರೇಷನ್‌ಗಳ ಬಗ್ಗೆಯೇ ಇವೆ. ವಿಶ್ವ ಆರೋಗ್ಯ ಸಂಸ್ಥೆ ಆ ಪಿಡುಗಿನ ತುರ್ತುಸ್ಥಿತಿ ಮುಗಿಯಿತು ಎಂದು 2023ರ ಮೇ 5ರಂದೇ ಹೇಳಿತು. ಆದರೆ ಆಗ ಆಪರೇಷನ್‌ಗೆ ಕಾದವರ ಮನಸ್ಸಿನಲ್ಲಿ ಅದು ಇನ್ನೂ ಮುಗಿದ ಹಾಗಿಲ್ಲ. ನಾನು ಆಗ ಓಟಿಯಲ್ಲಿ ರೋಗಿಯ ತಲೆಯ ಹತ್ತಿರ ನಿಂತು ಅರಿವಳಿಕೆ ಕೊಡುತ್ತಿದ್ದವಳು. ಈಗಲೂ ಅದೇ ಕೆಲಸ. ಸರ್ಜನ್ ಹೊಟ್ಟೆಯನ್ನೋ ಮೊಣಕಾಲನ್ನೋ ನೋಡುತ್ತಿರುತ್ತಾರೆ. ನನಗೆ ಮುಖ ಕಾಣುತ್ತದೆ. ಬಹುಶಃ ಅದಕ್ಕೇ ಸಂಪಾದಕರು ಭಯದ ಪ್ರಶ್ನೆಗಳನ್ನೆಲ್ಲ ನನ್ನ ಕಡೆ ದಾಟಿಸಿದ್ದಾರೆ. ಬರೆದವರ ಹೆಸರು ಬಿಟ್ಟಿದ್ದೇನೆ, ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನನ್ನ ಎರಡೂ ಮೊಣಕಾಲು ಸವೆದಿವೆ. ಕೋವಿಡ್ ಸಮಯದಲ್ಲಿ ಬಲಗಾಲಿನ ಆಪರೇಷನ್‌ಗೆ ಡೇಟ್ ಕೊಡುವುದು, ಮುಂದೂಡುವುದು, ಮತ್ತೆ ಕೊಡುವುದು, ಮತ್ತೆ ಮುಂದೂಡುವುದು, ಹೀಗೇ ಆಯಿತು. ಕೊನೆಗೆ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಈಗ ಎಡಗಾಲಿಗೆ ಡೇಟ್ ಬಂದಿದೆ. ಈಗ ಯಾವ ಪಿಡುಗೂ ಇಲ್ಲ. ಆದರೂ ಫೋನ್ ರಿಂಗಾದರೆ ಎದೆ ಧಸಕ್ಕೆನ್ನುತ್ತದೆ. ಮೊದಲ ಸಲವೇ ಇಷ್ಟು ಹೆದರಿರಲಿಲ್ಲ. ನನಗೇನಾದರೂ ತಲೆ ಕೆಟ್ಟಿದೆಯಾ ಡಾಕ್ಟ್ರೇ?

ಉತ್ತರ: ಕೆಟ್ಟಿಲ್ಲ. ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ರಕ್ತದ ಮಾತಿಲ್ಲ, ಹೊಲಿಗೆಯ ಮಾತಿಲ್ಲ, ನೋವಿನ ಮಾತೂ ಇಲ್ಲ. ಇರುವುದು ಫೋನು. ಆಪರೇಷನ್ ನಿಮಗೆ ಗೊತ್ತಿರುವ ವಿಷಯ, ಅದನ್ನು ಒಮ್ಮೆ ದಾಟಿ ಬಂದಿದ್ದೀರಿ. ಅದು ಮತ್ತೆ ಕೈತಪ್ಪಿ ಹೋಗುತ್ತದೇನೋ ಎಂದು ನಿಮಗೆ ಭಯ.

ಆಪರೇಷನ್‌ಗೆ ಯಾರೂ ಸುಮ್ನೆ ಎದ್ದು ಹೋಗುವುದಿಲ್ಲ. ರಜೆ ಹಾಕಬೇಕು. ಜೊತೆಗೆ ಯಾರು ಇರುತ್ತಾರೆ ಎಂದು ಗೊತ್ತು ಮಾಡಬೇಕು. ಹಾಸಿಗೆ ಕೆಳಗಿನ ಕೋಣೆಗೆ ಬರಬೇಕು. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಬೇಡ ಎಂದು ಕೇಳಿಕೊಂಡು ಬರಬೇಕು. ಕೋವಿಡ್ ಕಾಲದಲ್ಲಾದರೆ ಇದರ ಮೇಲೆ ಮೂಗಿನ ಸ್ವಾಬ್ ಬೇರೆ, ರಿಸಲ್ಟ್ ಬರುವ ತನಕ ಮನೆಯವರಿಂದಲೂ ದೂರ ಕೂರುವುದು ಬೇರೆ. ಇಷ್ಟೆಲ್ಲ ಆಗಿ ಮನಸ್ಸು ಗಟ್ಟಿ ಮಾಡಿಕೊಂಡು ಕೂತಾಗ, ‘ಐಸಿಯುನಲ್ಲಿ ಬೆಡ್ ಇಲ್ಲ, ಮತ್ತೆ ಹೇಳ್ತೀವಿ’ ಎಂದು ಫೋನ್. ಗಟ್ಟಿ ಮಾಡಿಕೊಂಡ ಮನಸ್ಸನ್ನು ಎಲ್ಲಿ ಇಳಿಸಿ ಇಡುವುದು? 2020ರಲ್ಲಿ ಕೋವಿಡ್‌ಸರ್ಜ್ ಎಂಬ ಸರ್ಜನ್‌ಗಳ ಅಂತಾರಾಷ್ಟ್ರೀಯ ಗುಂಪು ಒಂದು ಅಂದಾಜು ಮಾಡಿತು. ಪಿಡುಗು ಜೋರಾಗಿರುವ 12 ವಾರಗಳಲ್ಲಿ ಜಗತ್ತಿನಲ್ಲಿ ಸುಮಾರು 2.84 ಕೋಟಿ ಯೋಜಿತ ಆಪರೇಷನ್‌ಗಳು ರದ್ದಾಗುತ್ತವೆ ಅಥವಾ ಮುಂದಕ್ಕೆ ಹೋಗುತ್ತವೆ ಎಂದು. ಅಂದರೆ ನಿಮಗೆ ಬಂದಂಥ ಫೋನ್ ಕೋಟಿಗಟ್ಟಲೆ ಜನಕ್ಕೆ ಬಂದಿದೆ. ಅವರಲ್ಲಿ ಎಷ್ಟೋ ಜನಕ್ಕೆ ಇವತ್ತಿಗೂ ಆಸ್ಪತ್ರೆಯ ನಂಬರ್ ಕಂಡರೆ ಬಾಯಿ ಒಣಗುತ್ತಿರಬಹುದು.

ಈಗ ಮಾಡಬಹುದಾದ ಕೆಲಸ ಇದು. ಆಸ್ಪತ್ರೆಗೆ ನೀವೇ ಫೋನ್ ಮಾಡಿ. ಡೇಟ್ ಯಾವತ್ತು ಪಕ್ಕಾ ಆಗುತ್ತದೆ, ಬದಲಾದರೆ ಯಾರು ತಿಳಿಸುತ್ತಾರೆ, ಎಷ್ಟು ಗಂಟೆಯ ಒಳಗೆ ತಿಳಿಸುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: ‘ನನ್ನ ಕಡೆಯಿಂದ ಏನಾದರೆ ಇದು ಮುಂದಕ್ಕೆ ಹೋಗುತ್ತದೆ?’ ಮೊಣಕಾಲಿನ ವಿಷಯದಲ್ಲಿ ಉತ್ತರ ಹೆಚ್ಚುಕಮ್ಮಿ ಗೊತ್ತಿರುವುದೇ. ಜ್ವರ, ಕೈಮೀರಿದ ಸಕ್ಕರೆ ಕಾಯಿಲೆ, ಏರಿದ ಬಿಪಿ, ಹಲ್ಲಿನಲ್ಲಿ ಕೀವು, ಕಾಲಿನ ಚರ್ಮದ ಮೇಲೆ ಗಾಯ. ಹಲ್ಲನ್ನು ಈಗಲೇ ತೋರಿಸಬಹುದು. ಕಾಲ್ಬೆರಳ ಸಂದಿಯನ್ನು ದಿನಾ ನೋಡಿಕೊಳ್ಳಬಹುದು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತುವ ವ್ಯಾಯಾಮ ಮೊದಲ ಸಲವೇ ಹೇಳಿಕೊಟ್ಟಿರುತ್ತಾರೆ, ಅದನ್ನು ಎಡಗಾಲಿಗೆ ಈಗಿನಿಂದಲೇ ಶುರು ಮಾಡಿ. ಕೈಗೆ ಕೆಲಸ ಇದ್ದಾಗ ಕಾಯುವುದು ಸ್ವಲ್ಪ ಸುಲಭ. ಐಸಿಯು ಬೆಡ್ಡಿನ ಚಿಂತೆ ಆಸ್ಪತ್ರೆಯವರದು, ಅದನ್ನು ಅವರಿಗೇ ಬಿಡಿ.

ಅರಿವಳಿಕೆ ವೈದ್ಯರು ನೋಡಲು ಬಂದಾಗ ಈ ಫೋನಿನ ಕತೆಯನ್ನೂ ಹೇಳಿ. ಅಲ್ಲಾಡುವ ಹಲ್ಲಿದ್ದರೆ ನಮಗೆ ಹೇಳುತ್ತೀರಲ್ಲ, ಹಾಗೆಯೇ. ತುಂಬ ಹೆದರಿ ಬಂದವರಿಗೆ ನಾಡಿ ಓಡುತ್ತಿರುತ್ತದೆ, ಬಿಪಿ ಏರಿರುತ್ತದೆ, ನಿದ್ದೆಗೆ ಜಾರಿಸಲು ಮದ್ದು ಜಾಸ್ತಿ ಬೇಕಾಗಬಹುದು. ಮೊದಲೇ ಗೊತ್ತಿದ್ದರೆ ನಾವು ಅದಕ್ಕೆ ತಕ್ಕ ಹಾಗೆ ಸಿದ್ಧವಾಗಿರುತ್ತೇವೆ. ಗೊತ್ತಿಲ್ಲದಿದ್ದರೆ ಹೃದಯಕ್ಕೇನಾದರೂ ತೊಂದರೆ ಇದೆಯಾ ಎಂದು ನಾವು ತಲೆ ಕೆಡಿಸಿಕೊಳ್ಳುತ್ತೇವೆ.

ಪ್ರಶ್ನೆ: ನನ್ನ ಹೆಂಡತಿಗೆ ಗರ್ಭಕೋಶದ ಗೆಡ್ಡೆ ತೆಗೆಸಬೇಕಿದೆ. ಕೋವಿಡ್ ವೇಳೆ ಒಮ್ಮೆ ಮುಂದೂಡಿದ್ದೆವು. ಮೊದಲೇ ಅಳುಕಿನ ಸ್ವಭಾವ, ವಿವರ ಹೇಳಿದರೆ ಇನ್ನೂ ಹೆದರುತ್ತಾಳೆ ಎಂದು ನಾವು ಮನೆಯವರು ಏನೂ ಹೇಳಿಲ್ಲ. ಡಾಕ್ಟರಿಗೂ ಹಾಗೇ ಹೇಳಿದ್ದೇವೆ. ಸರಿ ಅಲ್ವಾ?

ಉತ್ತರ: ಸರಿ ಅಲ್ಲ ಸ್ವಾಮಿ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಅವರಿಗೆ ಎಷ್ಟು ತಿಳಿಯಬೇಕು ಎನ್ನುವುದನ್ನು ಅವರನ್ನೇ ಕೇಳಬೇಕು.

ಇದಕ್ಕೆ ಒಂದು ಪುಟ್ಟ ಪಟ್ಟಿಯೇ ಇದೆ. ಆಮ್‌ಸ್ಟರ್‌ಡಾಮ್ ಪಟ್ಟಿ ಎನ್ನುತ್ತೇವೆ, 1996ರಲ್ಲಿ ಪ್ರಕಟವಾದದ್ದು. ಅದರಲ್ಲಿ ಇರುವುದು ಆರೇ ಮಾತು. ಅರಿವಳಿಕೆಯ ಚಿಂತೆ ಇದೆ. ಅದೇ ಯಾವಾಗಲೂ ತಲೆಯಲ್ಲಿ ಓಡುತ್ತಿರುತ್ತದೆ. ಅದರ ಬಗ್ಗೆ ಆದಷ್ಟೂ ತಿಳಿಯಬೇಕು. ಇದೇ ಮೂರು ಮಾತು ಆಪರೇಷನ್ ಬಗ್ಗೆ. ಪ್ರತಿ ಮಾತಿಗೂ 1ರಿಂದ 5ರ ತನಕ ಅಂಕ ಹಾಕಬೇಕು. 1 ಅಂದರೆ ಸ್ವಲ್ಪವೂ ಇಲ್ಲ, 5 ಅಂದರೆ ವಿಪರೀತ. ನನಗೆ ಇದು ಇಷ್ಟವಾಗುವುದು ಯಾಕೆಂದರೆ, ಭಯಕ್ಕೆ ನಾಲ್ಕು ಮಾತು, ತಿಳಿಯುವ ಆಸೆಗೆ ಎರಡು ಮಾತು ಎಂದು ಬೇರೆಬೇರೆ ಇಟ್ಟಿದ್ದಾರೆ. ವಿಪರೀತ ಹೆದರಿದರೂ ‘ಏನೂ ಹೇಳಬೇಡಿ, ಮಾಡಿ ಮುಗಿಸಿಬಿಡಿ’ ಎನ್ನುವವರು ಇದ್ದಾರೆ. ಅಷ್ಟೇ ಹೆದರಿ, ಪ್ರತಿ ಹೊಲಿಗೆಯ ಲೆಕ್ಕ ಕೇಳುವವರೂ ಇದ್ದಾರೆ. ಇಬ್ಬರಿಗೂ ಒಂದೇ ಮದ್ದು ಆಗುವುದಿಲ್ಲ. ನಿಮ್ಮ ಹೆಂಡತಿ ಇದರಲ್ಲಿ ಯಾವ ಪೈಕಿ ಎಂದು ನಿಮಗೆ ನಿಜವಾಗಿ ಗೊತ್ತಿದೆಯೇ?

ಹೇಳಿದರೆ ಭಯ ಹೆಚ್ಚುತ್ತದೆ ಎನ್ನುವುದಕ್ಕೂ ಹಳೆಯ ಉತ್ತರ ಇದೆ. 1964ರಲ್ಲಿ ಬಾಸ್ಟನ್ನಿನ ಅರಿವಳಿಕೆ ವೈದ್ಯರು ಹೊಟ್ಟೆಯ ಆಪರೇಷನ್ ಆಗಲಿದ್ದ 97 ರೋಗಿಗಳ ಮೇಲೆ ಮಾಡಿದ ಅಧ್ಯಯನ ಅದು. ಒಂದು ಗುಂಪಿನವರಿಗೆ ಮೊದಲೇ ಬಿಡಿಸಿ ಹೇಳಿದರು. ನೋವು ಎಲ್ಲಿ ಬರುತ್ತದೆ, ಎಷ್ಟು ಜೋರಿರುತ್ತದೆ, ಎಷ್ಟು ದಿನ ಇರುತ್ತದೆ, ಹೊಟ್ಟೆಯ ಸ್ನಾಯು ಸಡಿಲ ಬಿಡುವುದು ಹೇಗೆ, ಮಗ್ಗುಲು ತಿರುಗುವುದು ಹೇಗೆ ಎಂದು. ಇನ್ನೊಂದು ಗುಂಪಿಗೆ ಇದನ್ನು ಹೇಳಲಿಲ್ಲ. ಹೇಳಿಸಿಕೊಂಡವರಿಗೆ ಬೇಕಾದ ನೋವಿನ ಮದ್ದು ಉಳಿದವರ ಅರ್ಧದಷ್ಟು. ಮನೆಗೆ ಹೋದದ್ದೂ ಸರಾಸರಿ 2.7 ದಿನ ಮೊದಲು. ಯಾರು ಯಾವ ಗುಂಪು ಎಂದು ಮನೆಗೆ ಕಳಿಸಿದ ಸರ್ಜನ್‌ಗಳಿಗೆ ಗೊತ್ತೇ ಇರಲಿಲ್ಲ. ಖರ್ಚಾಗಿದ್ದು ಒಬ್ಬ ಡಾಕ್ಟರಿನ ಸ್ವಲ್ಪ ಹೊತ್ತಿನ ಮಾತು. ಕೋವಿಡ್ ಕಾಲದಲ್ಲಿ ನಾವು ಮೊದಲು ಕಳೆದುಕೊಂಡದ್ದು ಇದನ್ನೇ. ಹಾಸಿಗೆಯ ಪಕ್ಕ ಕೂತು ಮಾತಾಡುವುದು ಹೋಗಿ ಅವಸರದ ಫೋನ್ ಕರೆ ಬಂತು.

ಇವತ್ತು ಸಂಜೆಯೇ ಹೆಂಡತಿಯನ್ನು ಕೇಳಿ. ಡಾಕ್ಟರಿಗೆ ಹೇಳಿಟ್ಟ ಮಾತನ್ನೂ ವಾಪಸ್ ತೆಗೆದುಕೊಳ್ಳಿ.

ಪ್ರಶ್ನೆ: ಕೋವಿಡ್ ವೇಳೆ ಆಪರೇಷನ್ ಆದರೆ ನಾಲ್ಕರಲ್ಲಿ ಒಬ್ಬರು ಸಾಯುತ್ತಾರೆ ಎಂದು ಆಗ ಓದಿದ್ದೆ. ಪಿತ್ತಕೋಶದ ಕಲ್ಲಿನ ಆಪರೇಷನ್ ಬೇಡ ಎಂದುಬಿಟ್ಟೆ. ಆ ಸಂಖ್ಯೆ ಇವತ್ತಿಗೂ ತಲೆಯಿಂದ ಹೋಗಿಲ್ಲ. ಅದು ಸುಳ್ಳೇ?

ಉತ್ತರ: ಸಂಖ್ಯೆ ಸುಳ್ಳಲ್ಲ, ಅದು ನಿಮ್ಮದಲ್ಲ ಅಷ್ಟೇ. 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿ ಅದು. 24 ದೇಶಗಳ 1,128 ರೋಗಿಗಳು. ಆಪರೇಷನ್ ಆದ 30 ದಿನಗಳೊಳಗೆ ತೀರಿಕೊಂಡವರು ಶೇ 23.8. ಆದರೆ ಆ 1,128 ಮಂದಿ ಯಾರು ನೋಡಿ. ಎಲ್ಲರಿಗೂ ಆಪರೇಷನ್ನಿನ ಆಸುಪಾಸಿನಲ್ಲೇ ಕೋವಿಡ್ ತಗುಲಿತ್ತು. ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿ ತುರ್ತು ಆಪರೇಷನ್ ಆದವರು, ಅಂದರೆ ಬರುವಾಗಲೇ ಜೀವ ಕೈಯಲ್ಲಿ ಹಿಡಿದು ಬಂದವರು. ಲಸಿಕೆ ಇನ್ನೂ ಬಂದಿರಲಿಲ್ಲ. ಸೋಂಕಿಲ್ಲದೆ, ಟೆಸ್ಟ್ ಮಾಡಿಸಿಕೊಂಡು, ಯೋಜಿಸಿದ ಆಪರೇಷನ್‌ಗೆ ಹೋಗುವ ನಿಮ್ಮಂಥವರ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ಹಂಚಿಕೊಳ್ಳುವಾಗ ಜನ ‘ಸೋಂಕು ಇದ್ದವರಲ್ಲಿ’ ಎನ್ನುವ ಮಾತನ್ನು ಬಿಟ್ಟುಬಿಟ್ಟರು. ಸಂಖ್ಯೆ ಮಾತ್ರ ಊರು ಸುತ್ತಿತು.

ನಿಮ್ಮ ಕಲ್ಲು ಈಗ ಹೇಗಿದೆ? ಅದನ್ನು ಬರೆದಿಲ್ಲ. ನೋವು ಮತ್ತೆ ಬಂದಿದ್ದರೆ ತಡಮಾಡಬೇಡಿ. ಕಲ್ಲು ನಾಳಕ್ಕೆ ಜಾರಿದರೆ ಕಾಮಾಲೆ, ಮೇದೋಜೀರಕದ ಉರಿಯೂತ ಎಲ್ಲ ಬರಬಹುದು. ಆಗ ಯೋಜಿತ ಆಪರೇಷನ್ ತುರ್ತು ಆಪರೇಷನ್ ಆಗುತ್ತದೆ. ಅಪಾಯ ಜಾಸ್ತಿ ಇರುವುದು ಅಲ್ಲಿ.

ಪ್ರಶ್ನೆ: ಹರ್ನಿಯಾ ಆಪರೇಷನ್ನಿನ ಹಿಂದಿನ ದಿನ ಟೆಸ್ಟ್ ಪಾಸಿಟಿವ್ ಬಂತು. ನನಗೆ ಒಂದು ಸೀನೂ ಇರಲಿಲ್ಲ. ತಪ್ಪು ಮಾಡಿದವನ ಹಾಗೆ ಹಿಂಬಾಗಿಲಿನಿಂದ ಕಳಿಸಿದರು. ಏಳು ವಾರ ಬಿಟ್ಟು ಬನ್ನಿ ಎಂದರು. ಏಳು ಯಾಕೆ? ಯಾರ ಜ್ಯೋತಿಷ್ಯ ಅದು?

ಉತ್ತರ: ಹಿಂಬಾಗಿಲಿನ ಮಾತು ಓದಿ ಬೇಜಾರಾಯಿತು. ಸೋಂಕು ತಗುಲಿದ್ದು ನಿಮ್ಮ ಅಪರಾಧ ಅಲ್ಲ. ಯಾರಾದರೂ ಒಬ್ಬರು ಕೂರಿಸಿ ಎರಡು ಮಾತು ಹೇಳಬೇಕಿತ್ತು.

ಏಳು ವಾರಕ್ಕೆ ಲೆಕ್ಕ ಇದೆ. 2020ರ ಅಕ್ಟೋಬರಿನಲ್ಲಿ 116 ದೇಶಗಳಲ್ಲಿ ಆಪರೇಷನ್ ಆದ 1.4 ಲಕ್ಷ ರೋಗಿಗಳನ್ನು ಗಮನಿಸಿದರು. ಸೋಂಕೇ ಆಗದವರಲ್ಲಿ 30 ದಿನಗಳೊಳಗಿನ ಸಾವು ಶೇ 1.5. ಸೋಂಕಾಗಿ ಆರು ವಾರದೊಳಗೆ ಆಪರೇಷನ್ ಆದವರಲ್ಲಿ ಅದು ಶೇ 4ರ ಆಸುಪಾಸು. ಏಳು ವಾರ ದಾಟಿದವರಲ್ಲಿ ಮತ್ತೆ ಶೇ 1.5ಕ್ಕೆ ಇಳಿದಿತ್ತು. ಲಕ್ಷಣ ಇಲ್ಲದವರಲ್ಲೂ ಬೇಗ ಆಪರೇಷನ್ ಮಾಡಿದರೆ ಅಪಾಯ ಹೆಚ್ಚೇ ಕಂಡಿತು. ಹರ್ನಿಯಾ ಸಾಮಾನ್ಯವಾಗಿ ಕಾಯುತ್ತದೆ, ಹಾಗಾಗಿ ನಿಮ್ಮನ್ನು ಕಾಯಿಸಿದರು. ಇದು ಲಸಿಕೆಗೆ ಮೊದಲಿನ ಲೆಕ್ಕ ಎಂಬುದು ನೆನಪಿರಲಿ. ಆಮೇಲೆ ಸಲಹೆ ಸಡಿಲವಾಯಿತು. 2023ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯರ ಸಂಘ, ಮೊದಲ ಎರಡು ವಾರ ಯೋಜಿತ ಆಪರೇಷನ್ ಬೇಡ, ಎರಡರಿಂದ ಏಳು ವಾರದ ನಡುವೆ ಆಯಾ ರೋಗಿಯ ಸ್ಥಿತಿ ನೋಡಿ ತೀರ್ಮಾನಿಸಿ ಎಂದಿತು.

ಪ್ರಶ್ನೆ: ಅಪ್ಪನಿಗೆ ಆಗ 74 ವರ್ಷ, ದೊಡ್ಡ ಕರುಳಿನ ಕ್ಯಾನ್ಸರ್. ಕಾಯುವ ಹಾಗಿಲ್ಲ ಎಂದು ಪಿಡುಗಿನ ನಡುವೆಯೇ ಆಪರೇಷನ್ ಮಾಡಿದರು. ನಮ್ಮನ್ನು ಯಾರನ್ನೂ ಒಳಗೆ ಬಿಡಲಿಲ್ಲ. ಮೂರನೇ ದಿನ ವಿಡಿಯೊ ಕಾಲಿನಲ್ಲಿ ಅಪ್ಪ ನನ್ನ ಗುರುತು ಹಿಡಿಯಲಿಲ್ಲ. ‘ಇವರು ನನ್ನನ್ನು ಕೂಡಿಹಾಕಿದ್ದಾರೆ, ಮುಖ ಮುಚ್ಚಿಕೊಂಡು ಬರುತ್ತಾರೆ’ ಎಂದು ಕೂಗಿದರು. ವಾರದಲ್ಲಿ ಸರಿಹೋದರು. ಈಗ ಅದೇ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗಿದೆ, ಆಪರೇಷನ್ ಬೇಕು. ಅಪ್ಪ ‘ಸತ್ತರೂ ಅಲ್ಲಿಗೆ ಹೋಗಲ್ಲ’ ಎನ್ನುತ್ತಿದ್ದಾರೆ. ಆವತ್ತು ಏನಾಗಿತ್ತು ಮೇಡಂ? ಮತ್ತೆ ಆಗುತ್ತದೆಯೇ?

ಉತ್ತರ: ನಿಮ್ಮ ತಂದೆಗೆ ಆಗಿದ್ದು ಸನ್ನಿ. ನಾವು ಡೆಲಿರಿಯಂ ಎನ್ನುತ್ತೇವೆ. ವಯಸ್ಸಾದವರಲ್ಲಿ ದೊಡ್ಡ ಆಪರೇಷನ್ ನಂತರ ಇದು ಅಪರೂಪವೇನಲ್ಲ. ಕೆಲವು ಗಂಟೆಗಳಲ್ಲೇ ಬರುತ್ತದೆ, ಏರುತ್ತದೆ, ಇಳಿಯುತ್ತದೆ, ರಾತ್ರಿ ಹೊತ್ತು ಜಾಸ್ತಿಯಾಗುತ್ತದೆ. ಬೆಳಿಗ್ಗೆ ಸರಿಯಾಗಿ ಮಾತಾಡಿದವರು ಸಂಜೆಗೆ ಮಂಚದಿಂದ ಇಳಿಯಲು ಹೋಗುತ್ತಾರೆ. ನೋವು, ಜ್ವರ, ನಿದ್ದೆಗೇಡು, ಸೋಡಿಯಂ ಇಳಿಯುವುದು, ಮೂತ್ರದ ಟ್ಯೂಬು, ಮಲಬದ್ಧತೆ, ಕೆಲವು ಮಾತ್ರೆಗಳು, ಇವೆಲ್ಲ ಸೇರಿ ಅದನ್ನು ತರುತ್ತವೆ. ಇದು ಹುಚ್ಚಲ್ಲ. ಎಷ್ಟೋ ಮನೆಯವರು ಹಾಗೆಂದುಕೊಂಡು ಒಳಗೊಳಗೇ ಕೊರಗುತ್ತಾರೆ.

ಕೋವಿಡ್ ಇದಕ್ಕೆ ಇನ್ನಷ್ಟು ದಾರಿ ಮಾಡಿಕೊಟ್ಟಿತು. ಗುರುತಿನ ಮುಖ ಒಂದೂ ಇಲ್ಲ. ಬರುವವರಿಗೆಲ್ಲ ತಲೆಯಿಂದ ಕಾಲಿನ ತನಕ ಪಿಪಿಇ ಕಿಟ್, ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಕಿವಿ ಮಂದವಾದವರು ತುಟಿ ನೋಡಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ, ಅದು ತಮಗೇ ಗೊತ್ತಿರುವುದಿಲ್ಲ. ಮಾಸ್ಕ್ ಬಂದ ಮೇಲೆ ಅದೂ ಹೋಯಿತು. ನನಗೆ ಒಬ್ಬ ಹಿರಿಯರ ನೆನಪಿದೆ. ಆಪರೇಷನ್ ಆಗಿ ವಾರ್ಡಿಗೆ ಬಂದಿದ್ದರು. ಎಷ್ಟು ಹೇಳಿದರೂ ಕೈಯಲ್ಲಿದ್ದ ಡ್ರಿಪ್ ಕೀಳುತ್ತಿದ್ದರು. ಅವರ ಕನ್ನಡಕ, ಕಿವಿಯ ಮೆಷಿನ್ ಎರಡೂ ಚೀಟಿ ಅಂಟಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಮಂಚದ ಕಾಲಿಗೆ ನೇತಾಡುತ್ತಿದ್ದವು. ಓಟಿಗೆ ಹೋಗುವಾಗ ತೆಗೆದಿಟ್ಟದ್ದು, ಮತ್ತೆ ಯಾರೂ ಬಿಚ್ಚಿರಲಿಲ್ಲ. ರಾತ್ರಿ ಪಾಳಿಯ ನರ್ಸ್ ಅದನ್ನು ಬಿಚ್ಚಿದರು, ಗ್ಲೌಸಿನ ಕೈಯಲ್ಲೇ ಕನ್ನಡಕ ಒರೆಸಿ ಹಾಕಿದರು, ಮೆಷಿನ್ ಕಿವಿಗೆ ಸಿಕ್ಕಿಸಿದರು. ಹಿರಿಯರು ಎದುರು ಗೋಡೆಯ ಗಡಿಯಾರ ನೋಡಿ, ‘ಇದು ರಾತ್ರಿಯ ಹತ್ತೋ ಬೆಳಗಿನ ಹತ್ತೋ?’ ಎಂದರು. ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇರಲಿಲ್ಲ. ಡ್ರಿಪ್ಪಿಗೆ ಆಮೇಲೆ ಅವರು ಕೈ ಹಾಕಲಿಲ್ಲ.

ಎಲ್ಲರಿಗೂ ಇಷ್ಟು ಸುಲಭದಲ್ಲಿ ಇಳಿಯುವುದಿಲ್ಲ. ಆದರೆ ಬಾರದಂತೆ ತಡೆಯುವುದರಲ್ಲಿ ಇಂಥ ಸಣ್ಣ ಕೆಲಸಗಳದೇ ದೊಡ್ಡ ಪಾಲು. 1999ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಆಸ್ಪತ್ರೆ ಸೇರಿದ 70 ದಾಟಿದ 852 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಈ ಬಗೆಯ ಆರೈಕೆ ಕೊಟ್ಟರು. ಕನ್ನಡಕ, ಕಿವಿಯ ಮೆಷಿನ್, ನೀರು, ನಡೆದಾಡಿಸುವುದು, ರಾತ್ರಿ ಸದ್ದಿಲ್ಲದೆ ಮಲಗಲು ಬಿಡುವುದು, ಇವತ್ತು ಯಾವ ದಿನ, ಇದು ಯಾವ ಜಾಗ ಎಂದು ನೆನಪಿಸುವುದು. ಸನ್ನಿ ಬಂದವರು ಉಳಿದವರಲ್ಲಿ ಶೇ 15, ಇವರಲ್ಲಿ ಶೇ 9.9. ಪಿಡುಗಿನ ಕಾಲದಲ್ಲಿ ಮೊದಲು ಬಿಟ್ಟುಹೋದ ಕೆಲಸಗಳೂ ಇವೇ. ಇವುಗಳಲ್ಲಿ ಬಹಳಷ್ಟನ್ನು ಮನೆಯವರು ಮಾಡುತ್ತಿದ್ದರು, ಮನೆಯವರೇ ಬಾಗಿಲ ಹೊರಗಿದ್ದರು.

ಮತ್ತೆ ಆಗುತ್ತದೆಯೇ? ಒಮ್ಮೆ ಆದವರಿಗೆ ಮತ್ತೆ ಆಗುವ ಸಾಧ್ಯತೆ ಹೆಚ್ಚು, ಮುಚ್ಚಿಡುವುದಿಲ್ಲ. ಅದಕ್ಕೇ ಮೊದಲ ಭೇಟಿಯಲ್ಲೇ ಅರಿವಳಿಕೆ ವೈದ್ಯರಿಗೆ ಹೇಳಿ, ‘ಹಿಂದೆ ಸನ್ನಿ ಆಗಿತ್ತು’ ಎಂದು ಫೈಲಿನಲ್ಲಿ ಬರೆಸಿ. ಮನೆಯಲ್ಲಿ ನಿದ್ದೆ ಮಾತ್ರೆ ತಿನ್ನುವ ಅಭ್ಯಾಸ, ಕುಡಿಯುವ ಅಭ್ಯಾಸ ಇದ್ದರೆ ಸಂಕೋಚ ಬಿಟ್ಟು ತಿಳಿಸಿ, ಅವು ಏಕಾಏಕಿ ನಿಂತರೂ ಸನ್ನಿ ಬರುತ್ತದೆ. ಕನ್ನಡಕ ಎಚ್ಚರವಾದ ಕೂಡಲೇ ಮುಖಕ್ಕೆ ಬರಬೇಕು ಎಂದು ವಾರ್ಡಿನವರಿಗೆ ಹೇಳಿಟ್ಟಿರಿ. ಕಿವಿಯ ಮೆಷಿನ್ ಇದ್ದರೆ ಬೇರೆ ಸೆಲ್ ಜೊತೆಗಿರಲಿ. ಒಬ್ಬರು ಪಕ್ಕದಲ್ಲಿ ಇರಲು ಮೊದಲೇ ಅನುಮತಿ ಕೇಳಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರೆ ಸನ್ನಿ ಬರುವುದೇ ಇಲ್ಲ ಎನ್ನುವ ಮಾತು ಕೇಳಿರಬಹುದು. ಸೊಂಟದ ಮೂಳೆ ಮುರಿದ ಹಿರಿಯರ ಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಹಾಗೆ ಕಂಡುಬರಲಿಲ್ಲ. ಅದೊಂದನ್ನೇ ನಂಬಿ ಹಟ ಹಿಡಿಯಬೇಡಿ.

ಇನ್ನು ತಂದೆಯವರ ಹಟ. ‘ಅದೆಲ್ಲ ನಿಮ್ಮ ಭ್ರಮೆ’ ಎಂದು ದಯವಿಟ್ಟು ಹೇಳಬೇಡಿ. ಮುಖ ಮುಚ್ಚಿದ ಜನ ಬಂದಿದ್ದರು, ನಿಜ. ಹೊರಗೆ ಹೋಗಲು ಬಿಟ್ಟಿರಲಿಲ್ಲ, ಅದೂ ನಿಜ. ಅರ್ಧ ಅವರು ಕಂಡದ್ದೇ. ಉಳಿದರ್ಧವನ್ನು ಜ್ವರ, ನೋವು ಸೇರಿ ಕಟ್ಟಿದವು. ಆವತ್ತು ಏನೇನು ಕಂಡಿತು ಎಂದು ಕೇಳಿ, ಪೂರ್ತಿ ಹೇಳಲು ಬಿಡಿ. ಆಮೇಲೆ ಸಾಧ್ಯವಾದರೆ ಒಂದು ದಿನ ಸುಮ್ನೆ ಆ ವಾರ್ಡ್ ತೋರಿಸಿಕೊಂಡು ಬನ್ನಿ. ಈಗ ಅಲ್ಲಿ ಜನರಿಗೆ ಮುಖ ಇದೆ.

ಪ್ರಶ್ನೆ: ಕೋವಿಡ್ ಅಂತ ಆಪರೇಷನ್ ರದ್ದಾದಾಗ ನನಗೆ ಖುಷಿಯಾಯಿತು. ಮನೆಯವರೆಲ್ಲ ಪಾಪ ಎಂದು ಮರುಗುತ್ತಿದ್ದರೆ ನಾನು ಒಳಗೊಳಗೇ ನಿರಾಳ. ಇದು ಯಾರಿಗಾದರೂ ಆಗುತ್ತದೆಯೇ?

ಉತ್ತರ: ಬಹಳ ಜನಕ್ಕೆ. ಯಾರೂ ಬಾಯಿ ಬಿಡುವುದಿಲ್ಲ ಅಷ್ಟೇ. ತಪ್ಪಿಸಿಕೊಂಡೆ ಎನ್ನುವ ಖುಷಿ ಒಂದೆರಡು ವಾರ ಇರುತ್ತದೆ. ಆಮೇಲೆ ಕಾಯಿಲೆ ಇದ್ದಲ್ಲೇ ಇದೆ ಎನ್ನುವುದು ನೆನಪಾಗುತ್ತದೆ. ನಿಮಗೆ ಯಾವ ಆಪರೇಷನ್ ಎಂದು ಬರೆದಿಲ್ಲ. ಡೇಟ್ ಮತ್ತೆ ಕೇಳಿದ್ದೀರಾ ಎಂದೂ ಬರೆದಿಲ್ಲ. ಕೇಳಿರಲಿಕ್ಕಿಲ್ಲ ಎಂದು ನನ್ನ ಊಹೆ. ಕೇಳಿ.

ಪ್ರಶ್ನೆ: ಚಿಂತೆ ಮಾಡಿದರೆ ಗಾಯ ಬೇಗ ಮಾಗುವುದಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ಸ್ವಲ್ಪ ನಿಜ. 1995ರಲ್ಲಿ ಒಂದು ಪ್ರಯೋಗ ನಡೆಯಿತು. ಮರೆವಿನ ಕಾಯಿಲೆಯ ಬಂಧುಗಳನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದ 13 ಹೆಂಗಸರ ಚರ್ಮದಲ್ಲಿ 3.5 ಮಿಲಿಮೀಟರಿನ ಚಿಕ್ಕ ಗಾಯ ಮಾಡಿ ನೋಡಿದರು. ಅಂಥ ಹೊರೆ ಇಲ್ಲದವರಿಗಿಂತ ಅವರ ಗಾಯ ಮಾಗಲು ಸುಮಾರು ಒಂಬತ್ತು ದಿನ ಹೆಚ್ಚು ಹಿಡಿಯಿತು. ಆದರೆ ಅದು ವರ್ಷಗಳ ದಣಿವು. ಆಪರೇಷನ್ನಿನ ಹಿಂದಿನ ವಾರದ ಗಾಬರಿಯನ್ನು ಅದಕ್ಕೆ ಹೋಲಿಸಬೇಡಿ. ಚಿಂತೆ ಮಾಡುತ್ತಿದ್ದೇನಲ್ಲ ಎಂದು ಇನ್ನೊಂದು ಚಿಂತೆ ಹಚ್ಚಿಕೊಳ್ಳುವುದಂತೂ ಬೇಡವೇ ಬೇಡ. ಗಾಯಕ್ಕೆ ಸಿಗರೇಟು ಮಾಡುವ ಕೆಡುಕು ಇದಕ್ಕಿಂತ ದೊಡ್ಡದು. ಸೇದುವವರಾದರೆ ಇವತ್ತೇ ನಿಲ್ಲಿಸಿ.

ಪ್ರಶ್ನೆ: ಆಪರೇಷನ್ ದಿನ ಬಂದವರೆಲ್ಲ ಹೆಸರು ಕೇಳಿದರು, ಯಾವ ಕಡೆ ಎಂದು ಕೇಳಿದರು. ಎಲ್ಲರಿಗೂ ಮಾಸ್ಕ್, ಯಾರು ಯಾರೋ ಗೊತ್ತಾಗುತ್ತಿರಲಿಲ್ಲ. ಇವರಿಗೇ ಗೊತ್ತಿಲ್ಲವಲ್ಲ ಎಂದು ಜಂಘಾಬಲವೇ ಉಡುಗಿಹೋಯಿತು.

ಉತ್ತರ: ಗೊತ್ತಿದ್ದೇ ಕೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಸುರಕ್ಷಾ ಪಟ್ಟಿ ತಂದಿತು. ಅರಿವಳಿಕೆಗೆ ಮುಂಚೆ, ಚರ್ಮ ಕೊಯ್ಯುವ ಮುಂಚೆ, ಓಟಿಯಿಂದ ಹೊರಗೆ ಕಳಿಸುವ ಮುಂಚೆ ಅದನ್ನು ಗಟ್ಟಿಯಾಗಿ ಓದಿ ಒಪ್ಪಿಸಬೇಕು. ಶುರುವಿನಲ್ಲೇ ಬರುವುದು ರೋಗಿಯ ಬಾಯಿಂದ ಹೆಸರು, ಜಾಗ, ಆಪರೇಷನ್. ನಿಮ್ಮನ್ನು ಎಲ್ಲರೂ ಕೇಳಿದರು ಎಂದರೆ ಆ ಓಟಿಯಲ್ಲಿ ಕೆಲಸ ಸರಿಯಾಗಿ ನಡೆಯುತ್ತಿತ್ತು. ಯಾರೂ ಕೇಳದಿದ್ದರೆ ಗಾಬರಿಯಾಗಬೇಕು. ಆದರೆ ಯಾಕೆ ಕೇಳುತ್ತೇವೆ ಎಂದು ಒಂದು ಸಾಲು ನಾವೇ ಮೊದಲು ಹೇಳಬಹುದಲ್ಲ, ಆ ದೂರನ್ನು ಒಪ್ಪುತ್ತೇನೆ. ಪಿಡುಗಿನಲ್ಲಿ ಕೆಲವರು ಕಿಟ್ಟಿನ ಎದೆಯ ಮೇಲೆ ಮಾರ್ಕರಿನಿಂದ ಹೆಸರು ಬರೆದುಕೊಂಡರು, ಕೆಲವರು ನಗುವ ಫೋಟೊ ಅಂಟಿಸಿಕೊಂಡರು. ಮಾಸ್ಕ್ ತೆಗೆದ ಮೇಲೆ ಆ ಪದ್ಧತಿಯೂ ಹೋಯಿತು. ಉಳಿಯಬೇಕಿತ್ತು.

ಪ್ರಶ್ನೆ: ಮುಂದಿನ ವಾರ ಆಪರೇಷನ್. ಎರಡು ಭಯ. ಮಧ್ಯದಲ್ಲಿ ಎಚ್ಚರವಾದರೆ? ಮತ್ತೆ, ಕೋವಿಡ್ ಬಂದಾಗ ಆಕ್ಸಿಜನ್ ಮಾಸ್ಕಿನಲ್ಲಿ ದಿನಗಟ್ಟಲೆ ಇದ್ದೆ, ಈಗ ಮುಖದ ಹತ್ತಿರ ಮಾಸ್ಕ್ ತಂದರೆ ಉಸಿರು ಕಟ್ಟಿದ ಹಾಗಾಗುತ್ತದೆ. ಹಿಂದಿನ ರಾತ್ರಿ ನಿದ್ದೆ ಮಾತ್ರೆ ತೆಗೆದುಕೊಳ್ಳಲೇ?

ಉತ್ತರ: ಎಚ್ಚರದ ವಿಷಯ ಮೊದಲು. ಬ್ರಿಟನ್, ಐರ್ಲೆಂಡಿನ ಆಸ್ಪತ್ರೆಗಳಲ್ಲಿ ಇದನ್ನು ದೊಡ್ಡದಾಗಿ ಲೆಕ್ಕ ಹಾಕಿ 2014ರಲ್ಲಿ ವರದಿ ಕೊಟ್ಟರು. ಆಪರೇಷನ್ ಮಧ್ಯೆ ಎಚ್ಚರವಿತ್ತು ಎಂದು ರೋಗಿಗಳು ಹೇಳಿದ್ದು ಸುಮಾರು 19,000 ಅರಿವಳಿಕೆಗಳಿಗೆ ಒಂದು. ನೀವು ಮಲಗಿರುವಷ್ಟು ಹೊತ್ತೂ ನಮ್ಮಲ್ಲೊಬ್ಬರು ನಿಮ್ಮ ತಲೆಯ ಹತ್ತಿರ ಇದ್ದು ನಾಡಿ, ಬಿಪಿ, ಉಸಿರು, ಮದ್ದಿನ ಪ್ರಮಾಣ ನೋಡುತ್ತಲೇ ಇರುತ್ತೇವೆ.

ಮಾಸ್ಕಿಗೆ ಸುಲಭದ ದಾರಿ ಇದೆ. ‘ನಾನೇ ಹಿಡಿದುಕೊಳ್ಳುತ್ತೇನೆ’ ಎಂದು ಹೇಳಿ. ಕೋವಿಡ್ ಆಗಿ ಐಸಿಯುನಲ್ಲಿದ್ದು ಬಂದ ಎಷ್ಟೋ ಜನಕ್ಕೆ ನಾನು ಮಾಸ್ಕನ್ನು ಅವರ ಕೈಗೇ ಕೊಡುತ್ತೇನೆ. ಬೇಕೆಂದಾಗ ದೂರ ಸರಿಸಬಹುದು ಎಂದು ಗೊತ್ತಾದರೆ ಸಾಕು, ಬಹುತೇಕರು ಸರಿಸುವುದೇ ಇಲ್ಲ. ಅದರಲ್ಲಿ ಬರುವುದು ಆಕ್ಸಿಜನ್, ನಿದ್ದೆಯ ಮದ್ದು ಸಾಮಾನ್ಯವಾಗಿ ಕೈಯಲ್ಲಿರುವ ಸೂಜಿಯಿಂದ ಹೋಗುತ್ತದೆ. ಉಸಿರನ್ನು ನಿಧಾನವಾಗಿ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ಇಷ್ಟದ ಹಾಡು ಕೇಳಬೇಕೆನಿಸಿದರೆ ಇಯರ್‌ಫೋನ್ ತರಬಹುದೇ ಎಂದು ಕೇಳಿ. ಇದು ಬರೀ ಸಮಾಧಾನದ ಮಾತಲ್ಲ. 73 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು 2015ರಲ್ಲಿ ನೋಡಿದಾಗ, ಆಪರೇಷನ್ನಿನ ಹಿಂದೆಮುಂದೆ ಸಂಗೀತ ಕೇಳಿದವರಲ್ಲಿ ಆತಂಕವೂ ನೋವೂ ಕಡಿಮೆ ಇತ್ತು.

ನಿದ್ದೆ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಬೇಕಾದರೆ ನಿಮ್ಮ ಅರಿವಳಿಕೆ ವೈದ್ಯರು ಬರೆದು ಕೊಡುತ್ತಾರೆ. ಒಂದು ರಾತ್ರಿ ನಿದ್ದೆ ಬರದಿದ್ದರೆ ಆಪರೇಷನ್ ನಿಲ್ಲುವುದಿಲ್ಲ, ಹೊಟ್ಟೆಯಲ್ಲಿ ಊಟ ಇದ್ದರೆ ನಿಲ್ಲುತ್ತದೆ. ಸಾಮಾನ್ಯವಾಗಿ ಗಟ್ಟಿ ಆಹಾರಕ್ಕೆ ಆರು ಗಂಟೆ, ತಿಳಿ ನೀರಿಗೆ ಎರಡು ಗಂಟೆ ಬಿಡುವು ಸಾಕು. ನಿಮಗೆ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ಹಿಂದಿನ ರಾತ್ರಿಯಿಂದಲೇ ಒಂದು ಹನಿ ನೀರೂ ಮುಟ್ಟದೆ ಬಂದು ತಲೆನೋವು, ಸಂಕಟ ಎನ್ನುವವರು ಈಗಲೂ ಇದ್ದಾರೆ. ಬೆಳಗಿನ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳಬೇಕೋ ಬೇಡವೋ ಎನ್ನುವುದು ಒಂದೊಂದು ಮಾತ್ರೆಗೆ ಒಂದೊಂದು ಥರ. ಅದನ್ನು ನನ್ನ ಅಂಕಣ ನೋಡಿ ತೀರ್ಮಾನಿಸಬೇಡಿ. ನಿಮ್ಮ ಮಾತ್ರೆಗಳ ಚೀಟಿ ಮುಂದಿಟ್ಟುಕೊಂಡು ನಾಳೆಯೇ ಆಸ್ಪತ್ರೆಗೆ ಫೋನ್ ಮಾಡಿ.